ಒಂದನೇ ನಂಬರಿಗೆ ಹೆದರಿದ ಮೈಕ್‌ಸೆಟ್ ಮರುಳಸಿದ್ದಯ್ಯ

ತಿಪಟೂರಿನಲ್ಲಿ ಮೈಕ್‌ಸೆಟ್ ಮರುಳಸಿದ್ದಯ್ಯನಷ್ಟು ಹೆದರುವ ಮನುಷ್ಯನನ್ನು ನಾನು ಕಂಡಿಲ್ಲ. ಕೊಬ್ಬರಿ ವ್ಯಾಪಾರದವನಾದ ನನಗೆ ಹೆದರುವವರು ಹೊಸಬರಲ್ಲ. ಬೆಲೆ ಇಳಿದರೆ ಬೆಳೆದವರು ಹೆದರುತ್ತಾರೆ, ಏರಿದರೆ ಕೊಳ್ಳುವ ನಾವು ಹೆದರುತ್ತೇವೆ. ಮರುಳಸಿದ್ದಯ್ಯನಿಗೆ ಆ ಭೇದವಿರಲಿಲ್ಲ. ಮದುವೆ ಚಪ್ಪರಕ್ಕೆ ಹಾರ್ನ್ ಕಟ್ಟುವಾಗ ಅದು ಯಾರ ತಲೆಯ ಮೇಲೆ ಬಿದ್ದೀತೋ ಎಂದು ಹೆದರುತ್ತಿದ್ದ. ಕಟ್ಟಿದ ಮೇಲೆ ಆಂಪ್ಲಿಫೈಯರ್ ಸುಟ್ಟೀತೆಂದು. ಸುಡದೆ ಚೆನ್ನಾಗಿ ಹಾಡಿಬಿಟ್ಟರೆ ಯಾರದೋ ಕಣ್ಣು ತಾಗೀತೆಂದು.

ಅವನು ನೊಣವಿನಕೆರೆಯವನು. ತೋಟವನ್ನು ಅಣ್ಣಂದಿರಿಗೆ ಬಿಟ್ಟು ಬಂದು ನನ್ನ ಮಂಡಿಯ ಎದುರಿಗೆ ಅಂಗಡಿ ಹಾಕಿದ. ಮುಂದುಗಡೆ ಕ್ಯಾಸೆಟ್ಟು ಮಾರಾಟ, ಹಿಂದುಗಡೆ ಮೈಕ್‌ಸೆಟ್ ಬಾಡಿಗೆ. ಬೆಳಗಿನಿಂದ ಸಂಜೆಯವರೆಗೆ ಹಾಡು. ನನಗೆ ಸಂಗೀತ ತಿಳಿಯದು, ಆದರೂ ಆ ಅಂಗಡಿಯ ಬಗ್ಗೆ ನಾನು ತಕರಾರು ಹೇಳಲಿಲ್ಲ. ಕೊಬ್ಬರಿ ತಂದ ಗೌಡ ಹಾಡಿಗೆ ತಲೆದೂಗುತ್ತ ನಿಂತರೆ ಅವನ ಚೌಕಾಸಿ ಅಷ್ಟರಮಟ್ಟಿಗೆ ಮೆತ್ತಗಾಗುತ್ತಿತ್ತು.

ಮೈಯೆಲ್ಲ ಹೆದರುವ ಆ ಮನುಷ್ಯನಲ್ಲಿ ಹೆದರದ ಅಂಗವೆಂದರೆ ಕಿವಿ. ಮದುವೆ ಮನೆಯಲ್ಲಿ ಪುರೋಹಿತರ ಮುಂದೆ ಒಂದು ಮೈಕು ಇಡುವುದು ಎಲ್ಲರೂ ಮಾಡುವ ಕೆಲಸ. ಇವನು ಇನ್ನೊಂದು ಮೈಕನ್ನು, ಹಾರ್ನಿಗೆ ಸಂಬಂಧವಿಲ್ಲದ ಹಾಗೆ, ಹೆಂಗಸರು ಸೋಬಾನೆ ಹೇಳುವ ನಡುಮನೆಯ ಬಾಗಿಲ ಸಂದಿಯಲ್ಲಿ ಮರೆತವನಂತೆ ಬಿಟ್ಟು ಬರುತ್ತಿದ್ದ. ಆಮೇಲೆ ಚಪ್ಪರದ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದ. ಮಿಷನ್ನು ಪರೀಕ್ಷೆ ಮಾಡುತ್ತಿದ್ದಾನೆಂದು ಜನ ತಿಳಿಯುತ್ತಿದ್ದರು. ಅವನು ದನಿ ಹುಡುಕುತ್ತಿದ್ದ.

ದಂಡಿನಶಿವರದ ಭಜನೆ ಗುಂಪಿನಿಂದ ಅವನು ಹೆಕ್ಕಿ ತೆಗೆದ ಶ್ರೀರಂಗಯ್ಯ ಎಂಬವನು ಬೆಂಗಳೂರಿನ ಆರ್ಕೆಸ್ಟ್ರಾ ಸೇರಿ ದೇವರ ಹಾಡಿನ ಕ್ಯಾಸೆಟ್ಟು ಮಾಡಿದ. ಆಗ ಬೆಂಗಳೂರಿನ ಒಂದು ವಾರಪತ್ರಿಕೆ ಹೆಚ್ಚು ಮಾರಾಟವಾದ ಹತ್ತು ಕ್ಯಾಸೆಟ್ಟುಗಳ ಪಟ್ಟಿ ಹಾಕುತ್ತಿತ್ತು. ಪತ್ರಿಕೆ ಬಂದ ದಿನ ಮರುಳಸಿದ್ದಯ್ಯ ಅದನ್ನು ಮಡಿಕೆ ಬಿಚ್ಚದೆ ನನ್ನ ಗಾದಿಯ ಮೇಲೆ ತಂದಿಡುತ್ತಿದ್ದ.

"ನೀವೇ ನೋಡಿ ಹೇಳಿ ಸಾವ್ಕಾರ್ರೆ. ಮಡಿಕೆ ಬಿಚ್ಚೋಕೆ ನನಗೆ ಧೈರ್ಯ ಇಲ್ಲ."

"ನಾಲ್ಕನೇದು ಕಣಯ್ಯ. ಏರಿದಾನೆ ನಿನ್ನ ಶ್ರೀರಂಗಯ್ಯ."

"ಅಯ್ಯೋ, ಇನ್ನು ಬಿದ್ರೆ ಏನ್ ಗತಿ?"

ಮುಂದೊಂದು ದಿನ ಆ ಶ್ರೀರಂಗಯ್ಯ ಕಾರಿನಲ್ಲಿ ಇದೇ ರಸ್ತೆಯಲ್ಲಿ ಹೋದವನು ಅಂಗಡಿಯ ಮುಂದೆ ನಿಲ್ಲಿಸಲಿಲ್ಲ. ನನಗೇ ಸಿಟ್ಟು ಬಂತು. ಮರುಳಸಿದ್ದಯ್ಯ ಮಾತ್ರ, "ನಿಲ್ಲಿಸ್ದೆ ಇದ್ದದ್ದೇ ಒಳ್ಳೇದಾಯ್ತು ಬುಡಿ, ಏನ್ ಮಾತಾಡೋದು ಅಂತ ಎದೆ ಹೊಡ್ಕೋತಿತ್ತು" ಅಂದ.

ಎಂಬತ್ನಾಲ್ಕರಲ್ಲಿ ಅವನಿಗೆ ಹೊನ್ನವಳ್ಳಿಯ ಭೈರಮ್ಮನ ದನಿ ಸಿಕ್ಕಿತು. ಸಿಕ್ಕಿತು ಎನ್ನುವುದೂ ತಪ್ಪು. ಅವಳೇ ತಂದುಕೊಟ್ಟಳು.

ಭೈರಮ್ಮ ಹುಚ್ಚರಂಗಯ್ಯನ ಸೊಸೆ. ಹುಚ್ಚರಂಗಯ್ಯನದು ದೊಡ್ಡ ತೆಂಗಿನ ತೋಟ, ಅದಕ್ಕಿಂತ ದೊಡ್ಡ ಗಾಂಭೀರ್ಯ. ಮಗ ಮಾಯಣ್ಣ ತುರುವೇಕೆರೆ ಕಡೆಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ಆ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಹುಚ್ಚರಂಗಯ್ಯನ ಹೆಂಡತಿ ಲಕ್ಷ್ಮಕ್ಕ ತೀರಿಕೊಂಡಳು. ಸೋಬಾನೆ ಹಾಡಿನಲ್ಲಿ ಲಕ್ಷ್ಮಕ್ಕನನ್ನು ಮೀರಿಸುವವರು ಆ ಸುತ್ತಿನಲ್ಲಿರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಹಾಡಿಲ್ಲ. ಸೊಸೆಗೆ ಹುಟ್ಟಿದ ಭಯವೇ ಅದು. ಅತ್ತೆ ಹೇಳಿಕೊಟ್ಟ ಹಾಡು ಒಂದು ವರ್ಷ ಬಾಯಿಗೆ ಬರದಿದ್ದರೆ ಮರೆತು ಹೋದೀತು.

ಸಂತೆಯ ದಿನ ಮರುಳಸಿದ್ದಯ್ಯನ ಹೆಂಡತಿ ಕಲ್ಲಮ್ಮನನ್ನು ಮುಂದಿಟ್ಟುಕೊಂಡು ಅವಳು ಅಂಗಡಿಗೆ ಬಂದಳು. "ಅಣ್ಣಾ, ಅತ್ತೆ ಹಾಡ್ತಿದ್ರಲ್ಲ, ಆ ಹಾಡ್ನ ನಿನ್ನ ಪೆಟ್ಟಿಗೇಲಿ ಹಿಡಿದಿಡು. ಸಾಲು ಒಂದೊಂದೇ ಜಾರ್ತಾವೆ. ಯಾರ ಕಿವಿಗೂ ಬೀಳಬಾರ್ದು. ನಮ್ಮಾವಂಗೆ ಗೊತ್ತಾದ್ರೆ, ವರ್ಷದೊಳಗೆ ಹಾಡಿದ ಮುಂಡೆ ಅಂತ ತೌರಿಗೆ ಅಟ್ತಾರೆ. ಆಮೇಕೆ ಒಳಕ್ಕೆ ಸೇರ್ಸಲ್ಲ."

"ಯಾರ್ಗೂ ಗೊತ್ತಾಗಲ್ಲ ಕಣಮ್ಮ" ಎಂದು ಮರುಳಸಿದ್ದಯ್ಯ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು ಮಾತು ಕೊಟ್ಟ.

ಮನೆಯಲ್ಲಿ ದನಿ ಹೊರಗೆ ಹೋಗದ ಜಾಗ ಯಾವುದು? ಕಾಯಿ ತುಂಬಿದ ಅಟ್ಟ. ಮಾವ ತೋಟದಲ್ಲಿ, ಗಂಡ ಬಸ್ಸಿನಲ್ಲಿ ಇದ್ದ ಮಧ್ಯಾಹ್ನ ಕಲ್ಲಮ್ಮ ಮಜ್ಜಿಗೆ ಕುಡಿಯುವ ನೆಪದಲ್ಲಿ ಕೆಳಗೆ ಕಾವಲು ಕೂತಳು. ಮೇಲೆ ಭೈರಮ್ಮ ಕಾಯಿರಾಶಿಯ ಮಗ್ಗುಲಲ್ಲಿ, ಅಟ್ಟದ ಹಲಗೆಯ ಮೇಲೆ ಕೂತು, ಮೈ ತೂಗುತ್ತ ಹಾಡಿದಳು.

ಅಟ್ಟವೇರಿದ ಕಾಯಿ ಕೆಳಗಿಳಿಯೊ ಹೊತ್ತಿಗೆ
ತೊಟ್ಟಿಲಲ್ಲೊಂದು ದನಿಯಿರಲಿ

ಮದುವೆ ಹೆಣ್ಣಿಗೆ ಹರಸುವ ಹಾಡು. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಿ ಇಳಿಯಲು ಹೆಚ್ಚುಕಮ್ಮಿ ವರ್ಷ ಬೇಕು. ಉಳಿದ ಲೆಕ್ಕ ಮದುವೆಯಾದವರಿಗೆ ಗೊತ್ತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹೊಸ ದನಿ ಸಿಕ್ಕಿದರೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಮರುಳಸಿದ್ದಯ್ಯನಿಗೆ ಇರಲಿಲ್ಲ. ಕ್ಯಾಸೆಟ್ಟು ಸರಬರಾಜು ಮಾಡಲು ಬರುತ್ತಿದ್ದ ಬೆಂಗಳೂರಿನ ಸಣ್ಣ ಕಂಪನಿಯೊಂದರ ಏಜೆಂಟ್ ಹನುಮಂತಯ್ಯನಿಗೆ, "ಒಂದೇ ಒಂದು ಸಲ ಕೇಳಿ, ಯಾರು ಅಂತ ಮಾತ್ರ ಕೇಳಬೇಡಿ" ಎಂದು ಹಾಕಿ ತೋರಿಸಿದ. ಕೇಳಿದವನು ಕಾಪಿ ಮಾಡಿಕೊಡು ಅಂದ. ಇವನು ಮೂರು ಸಲ ಆಗಲ್ಲ ಅಂದು ನಾಲ್ಕನೇ ಸಲ ಮಾಡಿಕೊಟ್ಟ.

ಗಣೇಶನ ಹಬ್ಬ ಕಳೆದ ಮೇಲೆ ಆ ಹಾಡು ಕ್ಯಾಸೆಟ್ಟಾಗಿ ಬಂತು. ಹಾಡಿದವರ ಹೆಸರಿನ ಜಾಗದಲ್ಲಿ 'ಹಳ್ಳಿಯ ಹೆಣ್ಣುಮಗಳು' ಎಂದಷ್ಟೇ ಇತ್ತು. ವಾರಪತ್ರಿಕೆಯ ಪಟ್ಟಿಯಲ್ಲಿ ಮೊದಲ ಸಲವೇ ಒಂಬತ್ತನೆಯದು.

ಅವತ್ತು ಮರುಳಸಿದ್ದಯ್ಯ ಪತ್ರಿಕೆ ತರಲಿಲ್ಲ. ನಾನೇ ತರಿಸಿ ಓದಿದೆ. "ಯಾರಯ್ಯಾ ಇವಳು, ನಮ್ಮ ಕಡೆಯ ಮಾತಿದ್ದ ಹಾಗಿದೆ?" ಎಂದು ರಸ್ತೆಯ ಈಚೆಯಿಂದ ಕೂಗಿದರೆ ಅವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ.

ಮಾರನೆಯ ವಾರ ಆರು. ಅದರಾಚೆಯ ವಾರ ನಾಲ್ಕು. ಹೋಟೆಲುಗಳಲ್ಲಿ ಅದೇ ಹಾಡು, ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮುಂಚೆ ಅದೇ ಹಾಡು, ಎಲ್ಲಕ್ಕಿಂತ ಮಿಗಿಲಾಗಿ ಬಸ್ಸುಗಳಲ್ಲಿ. ತಾನು ಹುಡುಕಿದ ದನಿ ಮೇಲೇರಲಿ ಎಂದು ದೇವರಿಗೆ ಕಾಯಿ ಒಡೆಯುತ್ತಿದ್ದ ಮನುಷ್ಯ ಈಗ ಇಳಿಯಲಿ ಎಂದು ಒಡೆಯತೊಡಗಿದ. ದೇವರಿಗೆ ಹಳೆಯ ಅರ್ಜಿಯೇ ಮೊದಲು ಸಿಕ್ಕಿತೋ ಏನೋ, ಹಾಡು ಏರುತ್ತಲೇ ಹೋಯಿತು.

ಭೈರಮ್ಮ ಒಬ್ಬಳೇ ಬಂದಳು. ನಾನು ಆಗ ಅವನ ಅಂಗಡಿಯಲ್ಲಿ ರೇಡಿಯೋ ಸೆಲ್ಲು ಕೊಳ್ಳುತ್ತಿದ್ದೆ. ನನ್ನನ್ನು ಕಂಡು ಸೆರಗು ಎಳೆದುಕೊಂಡು ನಿಂತಳು. ಹೆಂಗಸು ಮಾತಾಡದೆ ನಿಂತರೆ ಗಂಡಸು ಹೋಗಬೇಕು. ಹೋದೆ. ಆದರೆ ರಸ್ತೆ ಅಗಲ ಕಮ್ಮಿ.

"ಅಣ್ಣಾ, ಬಸ್ಸು ಹತ್ತಿದ್ರೆ ನಾನೇ ಹಾಡ್ತಿದ್ದೀನಲ್ಲ. ಅವ್ರದೇ ಬಸ್ಸು! ಸೀಟಿಂದ ಏಳೋಕ್ಕಾಗ್ದೆ ಕಾಲು ಮರಗಟ್ಟೋದ್ವು."

"ಮಾಯಣ್ಣಂಗೆ ಗೊತ್ತಾಯ್ತಾ?"

"ಅವ್ರ ಮುಂದೆ ನಾನ್ಯಾವತ್ತು ಹಾಡಿದೀನಿ? ಮನೇಗ್ ಬಂದು ನನ್ ಮುಂದೇನೇ ಅದ್ನ ಗುನುಗ್ತಾರೆ. ನೆನ್ನೆ ಸಾರಿನ ಪಾತ್ರೆ ಕೈ ಜಾರ್ತು. ಮಾವ ನೋಡ್ತಾ ಕುಂತಿದ್ರು. ಏನೂ ಅನ್ಲಿಲ್ಲ. ಬೈದಿದ್ರೆ ವಾಸಿ ಇತ್ತು." ಹೊರಡುತ್ತ ಹೇಳಿದಳು, "ನೀನು ಲಿಂಗ ಮುಟ್ಟಿದ್ದೆ ಕಣಣ್ಣ."

ಮರುಳಸಿದ್ದಯ್ಯ ಅವತ್ತು ಊಟ ಮಾಡಲಿಲ್ಲ. ಅದನ್ನು ಕಲ್ಲಮ್ಮನೇ ಬಂದು ಹೇಳಿ, "ಏನಾರ ಉಪಾಯ ಹೇಳಿ ಸಾವ್ಕಾರ್ರೆ, ಯಾರಾರ ಕದ ಬಡಿದ್ರೂ ಇವ್ರು ಬೆಚ್ಚಿ ಬೀಳ್ತಾರೆ" ಎಂದು ಕಣ್ಣೊರೆಸಿಕೊಂಡಳು.

ಇನ್ನೊಂದು ಆಪತ್ತು ನನ್ನ ಮಂಡಿಯಲ್ಲೇ ಹುಟ್ಟಿತು. ಹಾಡಿನ ಹಿಂದೆ ಸಣ್ಣಗೆ, ತಾಳಕ್ಕೆ ಸರಿಯಾಗಿ ಗಡಗಡ, ಗಡಗಡ ಎನ್ನುವ ಸದ್ದಿತ್ತು. ಅದು ಯಾವ ವಾದ್ಯವೆಂದು ಕಂಪನಿಯವರಿಗೇ ತಿಳಿಯದೆ ಪತ್ರಿಕೆಯಲ್ಲಿ 'ಅಪರೂಪದ ಜಾನಪದ ವಾದ್ಯ' ಎಂದು ಬಂತು. ಅದನ್ನೋದಿ ಕೊಬ್ಬರಿ ಮಂಡಿಯಲ್ಲಿ ನಗೆ ಎದ್ದದ್ದು ಸಂಜೆಯವರೆಗೂ ಇಳಿಯಲಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟ ಕಾಯಿ ಅಲುಗಿದರೆ ಬರುವ ಸದ್ದು ಅದು. ಹಲಗೆಯ ಮೇಲೆ ಅವಳು ಮೈ ತೂಗಿದಂತೆಲ್ಲ ಮಗ್ಗುಲ ರಾಶಿಯೂ ತೂಗಿತ್ತು. ನಮ್ಮವರ ಕಿವಿಗೆ ಅದು ಗಾಳಿಯ ಹಾಗೆ. ಹುಟ್ಟಿದಾಗಿನಿಂದ ತಲೆಯ ಮೇಲೇ ಇರುತ್ತದೆ. ಆದ್ದರಿಂದಲೇ ಸೊಳ್ಳೆ ಹಾರಿದರೂ ಟೇಪು ನಿಲ್ಲಿಸುತ್ತಿದ್ದ ಮರುಳಸಿದ್ದಯ್ಯನಿಗೆ ಅದು ಕೇಳಿಸಲೇ ಇಲ್ಲ.

ನಗು ಮುಗಿದ ಮೇಲೆ ಲೆಕ್ಕ ಶುರುವಾಯಿತು. ವ್ಯಾಪಾರಿ ಮಲ್ಲಿಕಾರ್ಜುನಯ್ಯ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದ, "ಇದು ಬಿದಿರಿನ ಅಟ್ಟ ಅಲ್ಲ ಕಣ್ರಪ್ಪ, ಹಲಗೆ ಅಟ್ಟ. ಈ ವರ್ಷ ಕಾಯಿ ಇಳಿಸಿದ ಅಟ್ಟನೆಲ್ಲ ನಮ್ಮಲ್ಲಿ ಒಬ್ರಲ್ಲ ಒಬ್ರು ಹತ್ತಿದೀವಿ. ಈ ಸದ್ದು ನನ್ನ ಕಾಲಿಗೆ ಸಿಕ್ಕಿಲ್ಲ. ಅಂದ್ರೆ ಇನ್ನೂ ಇಳೀದಿರೋ ಅಟ್ಟ."

"ಇನ್ನೂ ಇಳಿಸ್ದೆ ಇರೋರು ಎಷ್ಟು ಮಂದಿ ಅವ್ರೆ?"

"ಹುಡುಕಿದ್ರಾಯ್ತು ಬುಡು. ಹತ್ತಿ ನಾಲ್ಕು ಹೆಜ್ಜೆ ಹಾಕಿದ್ರೆ ಗೊತ್ತಾಗ್ತದೆ."

ಮಂಡಿಯಲ್ಲಿ ಪಂದ್ಯ ಕಟ್ಟಿದರು. ಕೊಬ್ಬರಿ ಬೇಡದವರೂ ಅಟ್ಟ ನೋಡಲು ಹಳ್ಳಿಗಳಿಗೆ ಹೊರಟರು. ನಾನು ತೆಪ್ಪಗಿದ್ದೆ. ನನಗೆ ಆಗಲೇ ಗೊತ್ತಿತ್ತು. ಬೇಸಿಗೆಯಲ್ಲೇ ಕೊಬ್ಬರಿಯಾದ ಕಾಯಿಯನ್ನು ದೀಪಾವಳಿ ಬಂದರೂ ಮಾರದೆ, ಬೆಲೆ ಏರಿದಾಗಲೂ ತಿರುಗಿ ನೋಡದೆ ಹಲಗೆ ಅಟ್ಟದಲ್ಲಿ ಕೂಡಿಟ್ಟಿದ್ದವನು ನಾನು ತಿಳಿದ ಮಟ್ಟಿಗೆ ಒಬ್ಬನೇ, ಹೊನ್ನವಳ್ಳಿಯ ಹುಚ್ಚರಂಗಯ್ಯ. ಅಂಗಡಿಗೆ ಬಂದ ಭೈರಮ್ಮನನ್ನೂ ನಾನು ನೋಡಿದ್ದೆ. ಗೊತ್ತಿದ್ದದ್ದನ್ನೆಲ್ಲ ಹೇಳುವವನು ವ್ಯಾಪಾರದಲ್ಲಿ ಉಳಿಯುವುದಿಲ್ಲ.

ಹಾಡು ಒಂದನೇ ನಂಬರಿಗೆ ಬಂದ ದಿನ ಮರುಳಸಿದ್ದಯ್ಯ ನನ್ನ ಗಾದಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ.

"ಸಾವ್ಕಾರ್ರೆ, ಹುಚ್ಚರಂಗಯ್ಯನ ಅಟ್ಟ ನೀವೇ ಕೊಂಡ್ಬುಡಿ. ಇವತ್ತೇ. ಅಟ್ಟ ಖಾಲಿಯಾದ್ರೆ ಸದ್ದೂ ಹೋಯ್ತು, ಗುರುತೂ ಹೋಯ್ತು. ಮಲ್ಲಿಕಾರ್ಜುನಯ್ಯನೋರು ನಾಳೆ ಹೊನ್ನವಳ್ಳಿಗೆ ಹೊಂಟವ್ರಂತೆ."

"ಅಲ್ಲಯ್ಯಾ, ಒಂದನೇ ನಂಬರ್ ಬಂದಿದೆ. ಸಕ್ಕರೆ ಹಂಚೋದು ಬಿಟ್ಟು ಅಟ್ಟ ಕೊಳ್ಳಿ ಅಂತೀಯಲ್ಲ."

"ಗೇಲಿ ಮಾಡ್ಬೇಡಿ. ಆ ಹೆಣ್ಣುಮಗಳು ಬೀದಿಗೆ ಬಿದ್ರೆ ನಾನು ಕೊರಳಲ್ಲಿ ಲಿಂಗ ಕಟ್ಟೋದು ಹೆಂಗೆ?"

ಮಾರನೆಯ ದಿನ ಬೆಳಗಿನ ಬಸ್ಸಿಗೇ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಅದೇ ಹಾಡು. ಮರುಳಸಿದ್ದಯ್ಯ ಹೊನ್ನವಳ್ಳಿ ಬರುವವರೆಗೂ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಹುಚ್ಚರಂಗಯ್ಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಭೈರಮ್ಮ ನೀರು ತಂದಿಟ್ಟು, ಮರುಳಸಿದ್ದಯ್ಯನನ್ನು ಕಂಡವಳೇ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಅವಳ ಬಳೆಯ ಸದ್ದು ಅಲ್ಲಿಗೇ ನಿಂತಿತು.

"ಅಟ್ಟ ಕೊಡೋದಿಲ್ಲ ಸಾವ್ಕಾರ್ರೆ" ಅಂದ ಹುಚ್ಚರಂಗಯ್ಯ, ಹಗ್ಗದಿಂದ ಕಣ್ಣೆತ್ತದೆ.

"ರೇಟು ಕೇಳದೆ ಇಲ್ಲ ಅಂದ್ರೆ ಹೆಂಗೆ?"

"ಎಷ್ಟಾದ್ರೂ ಇಲ್ಲ."

ನಾನು ಮಂಡಿಯಲ್ಲಿ ಯಾರೂ ಹೇಳದ ಬೆಲೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. "ಹುಳ ಬೀಳ್ತದೆ, ಜಿಡ್ಡು ವಾಸನೆ ಬರ್ತದೆ" ಎಂದು ಹೆದರಿಸಿದೆ. "ಬರ್ಲಿ" ಅಂದ. ಒಳ್ಳೆಯ ಬೆಲೆಗೂ ಮಾರದ ಗೌಡನ ಅಟ್ಟದಲ್ಲಿ ಕಾಯಿಯಲ್ಲದೆ ಇನ್ನೇನೋ ಇರುತ್ತದೆ ಎಂದು ನನ್ನ ಮನಸ್ಸು ಹೇಳಿತು. "ನೋಡೋದಕ್ಕಾದ್ರೂ ಬಿಡಿ" ಎಂದು ಏಣಿಯ ಕಡೆ ಹೊರಟೆ. ಎಪ್ಪತ್ತರ ಹತ್ತಿರದ ಮುದುಕ ನನಗಿಂತ ಮುಂಚೆ ಎದ್ದು ಏಣಿಗೆ ಅಡ್ಡ ನಿಂತ. ಎರಡೂ ಕೈಯಿಂದ ಏಣಿ ಹಿಡಿದುಕೊಂಡ. ಇಡೀ ಹೊನ್ನವಳ್ಳಿಯನ್ನು ನಡುಗಿಸುವ ಹುಚ್ಚರಂಗಯ್ಯ ನನಗೆ ಕೈಮುಗಿಯುವುದೊಂದು ಬಾಕಿ.

"ಹತ್ತಬೇಡಿ" ಅಂದ, ಮೆಲ್ಲಗೆ. "ನೀವು ಹತ್ತಿದ್ರೆ ಗೊತ್ತಾಗ್ತದೆ."

ಮರುಳಸಿದ್ದಯ್ಯ ಗೋಡೆಗೆ ಒರಗಿದ.

"ನಿಮಗೆ..." ಎಂದೆ.

"ನನ್ನ ಅಟ್ಟದ ಸದ್ದು ನನಗೆ ಗೊತ್ತಾಗಲ್ವಾ ಸಾವ್ಕಾರ್ರೆ? ಆ ಹಲಗೆ ಕೂರಿಸಿದೋನು ನಾನು." ಅವನು ದನಿಯನ್ನು ಇನ್ನಷ್ಟು ತಗ್ಗಿಸಿದ. "ಬಸ್ಸಲ್ಲಿ ಕೇಳ್ದೆ. ನಮ್ಮೋಳ ಹಾಡು, ನನ್ನ ಅಟ್ಟ. ಇನ್ಯಾರು ಹಾಡ್ಬೇಕು? ಅವತ್ತಿಂದ ಕೆಲ್ಸ ಇಲ್ದಿದ್ರೂ ಬಸ್ಸು ಹತ್ತಿ ಓಡಾಡ್ತೀನಿ. ವರ್ಷ ತುಂಬಿಲ್ಲ. ಊರಿಗೆ ಗೊತ್ತಾದ್ರೆ ಕಟ್ಟೆ ಮೇಲೆ ಕೂರಿಸಿ ಕೇಳ್ತಾರೆ. ಸೊಸೇನ ಕಳಿಸು ಅಂತಾರೆ. ಅವಳು ಹೋದ್ರೆ ಈ ಮನೇಲಿ ದೀಪ ಹಚ್ಚೋರ್ಯಾರು? ಬೇಸ್ಗೇಲಿ ನಮ್ಮೋಳು ಹೋದ ದುಃಖಕ್ಕೆ ಕಾಯಿ ಇಳಿಸ್ಲಿಲ್ಲ, ಈಗ ಇದಕ್ಕೆ ಅಟ್ಟಕ್ಕೆ ಯಾರ್ನೂ ಬಿಟ್ಟಿಲ್ಲ."

"ಅವಳಿಗೆ ಹೇಳಬಾರ್ದಿತ್ತಾ? ಪಾಪ, ನಿಮಗೆ ಹೆದ್ರಿ ಹೆದ್ರಿ ಸಾಯ್ತಾ ಅವ್ಳೆ."

"ನನಗೆ ಗೊತ್ತು ಅಂತ ತಿಳಿದ್ರೆ ನಾಚ್ಕೊಂಡು ಅವಳೇ ಹೊಂಟೋದ್ರೆ?"

ಒಂದೇ ಸೂರಿನ ಕೆಳಗೆ ಒಂದೇ ಗುಟ್ಟನ್ನು ಇಬ್ಬರು ಒಬ್ಬರಿಗೊಬ್ಬರು ಗೊತ್ತಾಗದಂತೆ ಕಾದಿದ್ದರು. ಬಾಗಿಲ ಹಿಂದೆ ಬಳೆ ಸದ್ದಾಯಿತು. ಅವಳು ಕೇಳಿಸಿಕೊಂಡಿದ್ದಳು. ಆದರೂ ಹೊರಗೆ ಬರಲಿಲ್ಲ.

ಆಗಲೇ ಬೀದಿಯಿಂದ ಆ ಹಾಡು ಬಂತು. ಮಾಯಣ್ಣ ಊಟಕ್ಕೆಂದು ಬಸ್ಸಿಳಿದು, ಕಂಡಕ್ಟರ್ ಚೀಲ ತೂಗಾಡಿಸುತ್ತ, ಗಂಟಲು ಬಿಚ್ಚಿ ಹಾಡಿಕೊಂಡು ಬರುತ್ತಿದ್ದ. ನಾವು ಮೂವರೂ ಇದ್ದಲ್ಲೇ ನಿಂತೆವು. ಸಾವಾದ ಮನೆಯ ಅಂಗಳದಲ್ಲಿ ಹಾಡಬಾರದೆಂದು ಹೊಸಲಿಗೆ ಬಂದಾಗ ನೆನಪಾಗಿ ಮಾಯಣ್ಣ ನಾಲಿಗೆ ಕಚ್ಚಿಕೊಂಡ. ಅಪ್ಪನ ಮುಖ ನೋಡಿ ಅವನೂ ಹೆದರಿದ.

ಹುಚ್ಚರಂಗಯ್ಯ ಮಗನನ್ನೂ ಬಾಗಿಲನ್ನೂ ನೋಡಿದ. ಏಣಿಯಿಂದ ಕೈ ತೆಗೆದ.

"ಲೇ, ಎರಡನೇ ಸಾಲು ತಪ್ಪಾಯ್ತು ಕಣ್ಲಾ. ನಿನ್ನ ಹೆಂಡ್ತಿ ತಾವ ಕೇಳಿ ಕಲ್ತ್ಕೊ."

ಮಾಯಣ್ಣನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಪ್ಪನನ್ನು, ನಮ್ಮನ್ನು, ಅಟ್ಟವನ್ನು ಒಂದೊಂದಾಗಿ ನೋಡಿದ. ಬಾಗಿಲ ಸಂದಿಯಿಂದ ಕಾಣುತ್ತಿದ್ದ ಸೀರೆಯ ಅಂಚಿಗೆ ಕಣ್ಣು ಬಿದ್ದಾಗ ಚೀಲ ಕೈಯಿಂದ ಜಾರಿತು. ಮರುಳಸಿದ್ದಯ್ಯ ಏಟು ಬೀಳುತ್ತದೆಂದು ತೋಳನ್ನು ಮುಖಕ್ಕೆ ಅಡ್ಡ ಹಿಡಿದ.

"ಇವಳಾ?" ಅಂದ ಮಾಯಣ್ಣ. "ಎರಡ್ ತಿಂಗ್ಳಿಂದ ನನ್ನ ಬಸ್ಸಲ್ಲೇ ತಿರುಗ್ತಾ ಅವ್ಳಾ? ಟಿಕೀಟಿಲ್ದೆ?"

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ. ಗಾಬರಿಯಲ್ಲಿ ಮನುಷ್ಯನ ಬಾಯಿಂದ ಅವನ ಕಸುಬೇ ಮೊದಲು ಬರುತ್ತದೆ. ಅವನು ಜಗಲಿಯ ಮೇಲೆ ಕೂತುಬಿಟ್ಟ. ಅದಾದ ಮೇಲೆ, ಬೇರೆ ಯಾರನ್ನೋ ಕೇಳುವ ಹಾಗೆ, "ನನ್ನ ಮುಂದೆ ಯಾಕೆ ಒಂದಿನಾನೂ ಹಾಡ್ಲಿಲ್ಲ?" ಅಂದ.

ಭೈರಮ್ಮ ಹೊರಗೆ ಬಂದಳು. ಮಾವನ ಕಡೆ ತಿರುಗಿ, "ತೌರಿಗೆ ಹೊಂಡ್ಲಾ ಮಾವ?" ಅಂದಳು.

"ಯಾಕವ್ವ ಹೋಯ್ತೀಯ? ವರ್ಷ ತುಂಬೋಗಂಟ ಬಾಯಿ ಕಟ್ಕೊಂಡಿರಾನ. ಎಡೆ ಆದ ಮಾರ್ನೇ ದಿನ ಹೆಸರು ಹಾಕಿಸ್ಕೊ. ನಿಮ್ಮತ್ತೇದೂ ಹಾಕ್ಸು."

ಅಟ್ಟವನ್ನು ಅವತ್ತೇ ಇಳಿಸಿದೆವು. ಮಲ್ಲಿಕಾರ್ಜುನಯ್ಯ ಸಂಜೆ ಬಂದಾಗ ಮೇಲೆ ಹಲಗೆಯೂ ದೂಳೂ ಮಾತ್ರ ಇದ್ದವು. ನಾನು ಹೇಳಿದ್ದ ಬೆಲೆಯನ್ನು ಹುಚ್ಚರಂಗಯ್ಯ ಮರೆತಿರಲಿಲ್ಲ. ಆ ವಿಷಯ ಬೇಡ.

ಹೊರಡುವಾಗ ಮರುಳಸಿದ್ದಯ್ಯ, ಎಲ್ಲ ಸರಿಹೋಯಿತೆಂದು ತಿಳಿದು, ಕೈಮುಗಿದು, "ಇನ್ನೊಂದು ಹಾಡು, ವರ್ಷ ತುಂಬಿದ ಮೇಲೆ..." ಎಂದು ಶುರುಮಾಡಿದ.

ಭೈರಮ್ಮ ಅವನನ್ನು ನೆಟ್ಟಗೆ ನೋಡಿದಳು. "ಮಾವ ಕ್ಷಮಿಸಿರಬೌದು ಕಣಣ್ಣ. ನೀನು ಮಾತು ಕೊಟ್ಟಿದ್ದು ನನಗೆ. ಇನ್ಮೇಲೆ ಗುಂಡಿ ಒತ್ತೋಳು ನಾನು. ಬೇಡ ಅನ್ನಿಸ್ತು ಅಂದ್ರೆ ಮಧ್ಯದಲ್ಲೇ ಆರಿಸ್ತೀನಿ, ಹಾಡಿದ್ದೂ ಅಳಿಸ್ತೀನಿ. ಒಪ್ಪಿದ್ರೆ ಬಾ."

ವರ್ಷದ ಎಡೆಯಾದ ಮೇಲೆ ಆ ಜಗಲಿಯಲ್ಲೇ ಎರಡನೆಯ ಹಾಡು ಹಿಡಿದರು. ಟೇಪ್‌ರೆಕಾರ್ಡರನ್ನು ಅವಳು ಮಡಿಲಿಗೆ ಎಳೆದುಕೊಂಡು, ತೋರುಬೆರಳನ್ನು ನಿಲ್ಲಿಸುವ ಗುಂಡಿಯ ಮೇಲಿಟ್ಟುಕೊಂಡೇ ಹಾಡಿದಳು. ಮಾಯಣ್ಣ ರಜೆ ಹಾಕಿ ಬಂದು ಕಂಬಕ್ಕೊರಗಿ ಕೂತಿದ್ದ. ಹುಚ್ಚರಂಗಯ್ಯ ಕಣ್ಣು ಮುಚ್ಚಿದ್ದ. ನಾನೂ ಅಲ್ಲೇ ಕೂತಿದ್ದೆ, ಆದರೆ ಸಂಗೀತ ತಿಳಿಯದವನು. ಹಾಡು ಹೇಗಿತ್ತೆಂದು ವಾಪಸು ಬರುವ ಬಸ್ಸಿನಲ್ಲಿ ಕೇಳಿದಾಗ ಮರುಳಸಿದ್ದಯ್ಯ ಬೆವರು ಒರೆಸಿಕೊಂಡ.

"ಹಾಡು ಯಾರಿಗ್ ಕೇಳಿಸ್ತು ಸಾವ್ಕಾರ್ರೆ? ನಾನು ಆ ಬೆರಳನ್ನೇ ನೋಡ್ತಿದ್ದೆ."